ಕವಾಟದ ಜ್ವರ

ಕವಾಟವೆಂದರೆ ಬಾಗಿಲು. ನಮ್ಮ ಹಳಗನ್ನಡ ಕಾವ್ಯಗಳಲ್ಲಿ ಕೋಟೆಗೂ ಅರಮನೆಗೂ ಕವಾಟಗಳಿದ್ದವು. ಇಂದು ಆ ಶಬ್ದವನ್ನು ಹೆಚ್ಚಾಗಿ ಬಳಸುತ್ತಿರುವವರು ವೈದ್ಯರು. ಮನುಷ್ಯನ ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತವನ್ನು ಮುಂದಕ್ಕೆ ಬಿಡುವುದು, ಹಿಂದಕ್ಕೆ ಬರಗೊಡದಿರುವುದು, ಇಷ್ಟೇ ಅವುಗಳ ಕೆಲಸ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚುವ ಈ ತೆಳುಪದರಗಳಿಗೆ ಕ್ರಿಮಿಗಳ ಸೋಂಕು ತಗಲುವುದುಂಟು. ಕನ್ನಡ ಎಂ.ಎ. ಮಾಡಿ, ಮೂರು ದಶಕ ಪಂಪ ರನ್ನರನ್ನು ಪಾಠ ಹೇಳಿ ನಿವೃತ್ತನಾದವನಿಗೆ ಈ ವಿಷಯದಲ್ಲಿ ಮಾತನಾಡಲು ಏನು ಅಧಿಕಾರವೆಂದು ಕೇಳುಗರು ಕೇಳಿದರೆ ತಪ್ಪಲ್ಲ. ಅಧಿಕಾರ ಯಾವುದೂ ಇಲ್ಲ. ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ, ಅದರಲ್ಲಿ ನನ್ನ ಪಾಲಿಗೆ ಬಂದ ಒಂದು ತಪ್ಪು, ಇವೆರಡೇ ನನ್ನನ್ನು ಈ ವಿಷಯದ ಬಳಿಗೆ ಎಳೆದು ತಂದವು.

ರೋಗದ ಸ್ವರೂಪವನ್ನು ಮೊದಲು ಹೇಳಿಬಿಡುತ್ತೇನೆ. ನಾವು ಹಲ್ಲುಜ್ಜುವಾಗ, ಗಟ್ಟಿ ರೊಟ್ಟಿ ಅಗಿಯುವಾಗ ಕೂಡ ಬಾಯೊಳಗಿನ ಕ್ರಿಮಿಗಳು ಕೆಲವು ರಕ್ತಕ್ಕೆ ಸೇರುತ್ತವೆ. ಆರೋಗ್ಯವಾಗಿರುವ ಕವಾಟ ನುಣುಪಾಗಿರುತ್ತದೆ. ಅಲ್ಲಿ ಅವುಗಳಿಗೆ ನೆಲೆ ಸಿಕ್ಕುವುದು ಕಷ್ಟ. ಮೊದಲೇ ಗಾಯಗೊಂಡು ಒರಟಾದ ಕವಾಟದಲ್ಲಿ ಸುಲಭವಾಗಿ ಅಂಟಿಕೊಳ್ಳುತ್ತವೆ. ಅಂಟಿಕೊಂಡ ಮೇಲೆ ರಕ್ತದ ಹೆಪ್ಪನ್ನೇ ಹೊದ್ದು ಗೂಡು ಕಟ್ಟುತ್ತವೆ. ಈ ಗೂಡನ್ನು ವೈದ್ಯರು ವೆಜಿಟೇಶನ್ ಎನ್ನುತ್ತಾರೆ, ಸಸ್ಯ ಬೆಳೆದಂತೆ ಬೆಳೆಯುವುದರಿಂದ. ಅದರ ತುಣುಕು ಕಿತ್ತುಹೋಗಿ ಮಿದುಳಿಗೆ ನುಗ್ಗಿದರೆ ಪಾರ್ಶ್ವವಾಯು. ಕವಾಟವೇ ಹರಿದರೆ ಹೃದಯ ಸೋಲುತ್ತದೆ. ಗೂಡಿನ ಒಳಗೆ ರಕ್ತನಾಳಗಳಿಲ್ಲವಾದ್ದರಿಂದ ದೇಹದ ಕಾವಲುಕಣಗಳು ಅಲ್ಲಿಗೆ ಹೋಗಲಾರವು, ಔಷಧಿಯೂ ಕಷ್ಟಪಟ್ಟೇ ಇಳಿಯಬೇಕು. ಆದಕಾರಣ ಸಾಮಾನ್ಯ ಜ್ವರಕ್ಕೆ ಐದು ದಿನ ಸಾಕಾದರೆ, ಇದಕ್ಕೆ ನರದ ಮೂಲಕ ದೊಡ್ಡ ಪ್ರಮಾಣದಲ್ಲಿ ನಾಲ್ಕರಿಂದ ಆರು ವಾರ ಬೇಕು.

ವಿಲಿಯಂ ಆಸ್ಲರ್ ಎಂಬ ಮಹಾವೈದ್ಯ 1885ರಲ್ಲಿ ಲಂಡನ್ನಿನಲ್ಲಿ ಈ ರೋಗವನ್ನು ಕುರಿತು ಉಪನ್ಯಾಸ ಮಾಡಿದ. ಆಗ ರೋಗವನ್ನು ಬಣ್ಣಿಸಬಹುದಾಗಿತ್ತು, ಗುಣಪಡಿಸಲು ಬರುತ್ತಿರಲಿಲ್ಲ. ಪಾಶ್ಚಾತ್ಯ ಸಂಗೀತದ ದೊಡ್ಡ ಹೆಸರಾದ ಗುಸ್ತಾವ್ ಮಾಲರ್ 1911ರಲ್ಲಿ ತೀರಿಕೊಂಡದ್ದು ಇದೇ ರೋಗದಿಂದ. ನ್ಯೂಯಾರ್ಕಿನ ವೈದ್ಯರು ಅವನ ರಕ್ತದಿಂದ ಕ್ರಿಮಿಯನ್ನು ಬೆಳೆಸಿ ತೋರಿಸಿದ್ದರು. ರೋಗದ ಹೆಸರು ತಿಳಿದೇ ಅವನು ಸತ್ತ. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆಯೇ ಈ ರೋಗಿಗಳು ಬದುಕತೊಡಗಿದ್ದು.

ಬದುಕಿಸುವುದು ಸಾಧ್ಯವಾದ ಮೇಲೆ ಬದುಕಿಸುವ ಕ್ರಮವನ್ನು ಬರೆದಿಡುವ ಪ್ರಶ್ನೆ ಬಂತು. ಅಮೆರಿಕದ ಹೃದಯ ಸಂಘ ಈ ಸೋಂಕನ್ನು ತಡೆಗಟ್ಟುವ ಸಲಹೆಗಳನ್ನು 1955ರಲ್ಲಿಯೇ ಪ್ರಕಟಿಸಿತು. ರೋಗವನ್ನು ನಿರ್ಣಯಿಸುವ ಲಕ್ಷಣಗಳ ಪಟ್ಟಿಯನ್ನು ಡ್ಯೂಕ್ ವಿಶ್ವವಿದ್ಯಾಲಯದವರು 1994ರಲ್ಲಿ ಕೊಟ್ಟರು. 2000ದಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ ಅದು ಪರಿಷ್ಕಾರಗೊಂಡಿತು. ಯೂರೋಪಿನ ಹೃದ್ರೋಗ ತಜ್ಞರ ಸಂಘದ ಮಾರ್ಗಸೂಚಿಯೂ 2023ರಲ್ಲಿ ಹೊಸದಾಗಿದೆ. ಇವುಗಳ ಸಾರ ಕಠಿಣವೇನೂ ಅಲ್ಲ. ಔಷಧಿಯ ಮೊದಲ ಹನಿ ಒಳಗೆ ಹೋಗುವ ಮುನ್ನ ಬೇರೆ ಬೇರೆ ಕಡೆ ಚುಚ್ಚಿ ಮೂರು ಸಲ ರಕ್ತ ತೆಗೆದು ಕ್ರಿಮಿ ಬೆಳೆಯಲು ಇಡಬೇಕು. ಎಕೋ ಪರೀಕ್ಷೆಯಿಂದ ಗೂಡನ್ನು ಕಾಣಬೇಕು. ಬೆಳೆದ ಕ್ರಿಮಿಗೆ ತಕ್ಕ ಔಷಧಿಯನ್ನು ಆರಿಸಿ, ವಾರಗಳನ್ನು ಎಣಿಸಿ ಕೊಡಬೇಕು. ಶಸ್ತ್ರಕ್ರಿಯೆ ಬೇಕೆ, ಬೇಕಾದರೆ ಎಂದು, ಎಂಬುದನ್ನು ಹೃದ್ರೋಗ ತಜ್ಞರೂ ಶಸ್ತ್ರವೈದ್ಯರೂ ಸೂಕ್ಷ್ಮಜೀವಿ ತಜ್ಞರೂ ಕೂಡಿ ಕುಳಿತು ತೀರ್ಮಾನಿಸಬೇಕು.

ಮಾರ್ಗಸೂಚಿ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನಂಥವನ ಮನಸ್ಸು ಮಳಖೇಡಕ್ಕೆ ಹೋಗುತ್ತದೆ. ಕಾಗಿಣಾ ದಂಡೆಯ ಆ ಊರು ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ ‘ಕವಿರಾಜಮಾರ್ಗ’ ಒಂಬತ್ತನೆಯ ಶತಮಾನದಲ್ಲಿ ಆ ಆಸ್ಥಾನದಲ್ಲಿ ಹುಟ್ಟಿತು. ಅದೂ ಒಂದು ಮಾರ್ಗಸೂಚಿಯೇ. ಇದು ದೋಷ, ತಿದ್ದಿದರೆ ಹೀಗಾಗುತ್ತದೆ ಎಂದು ಪದ್ಯವನ್ನೇ ಮುಂದಿಟ್ಟು ತೋರಿಸುತ್ತದೆ. ಆದರೆ ಒಂದೇ ದಾರಿಯೆಂದು ಹಟ ಹಿಡಿಯದೆ ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂದು ಎರಡನ್ನೂ ವಿವೇಚಿಸುತ್ತದೆ. ಅದನ್ನು ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳಿಗೆ ಒಂದು ಮಾತು ಹೇಳುತ್ತಿದ್ದೆ: ನಿಯಮವನ್ನು ಅರಿಯದೆ ಮುರಿಯುವವನೂ ಅರಿತು ಮೀರುವವನೂ ದೂರದಿಂದ ಒಂದೇ ತೆರನಾಗಿ ಕಾಣುತ್ತಾರೆ, ಹತ್ತಿರ ಹೋಗಿ ನೋಡಬೇಕು. ತರಗತಿಯಲ್ಲಿ ಇದು ಸೊಗಸಾದ ಮಾತಾಗಿತ್ತು. ಅದರ ಬೆಲೆ ತಿಳಿದದ್ದು ಸೊಲ್ಲಾಪುರದ ಒಂದು ಆಸ್ಪತ್ರೆಯ ಬೆಂಚಿನ ಮೇಲೆ.

ನನ್ನ ಮನೆ ಆಳಂದದಲ್ಲಿ. ನನ್ನ ತಂಗಿಯನ್ನು ಕೊಟ್ಟದ್ದು ಅಫಜಲಪುರ ತಾಲ್ಲೂಕಿನಲ್ಲಿ, ಭೀಮಾ ನದಿಗೆ ಹತ್ತಿರದ ಒಂದು ಹಳ್ಳಿಗೆ. ಅವಳ ಹಿರಿಯ ಮಗಳಿಗೆ ಹನ್ನೆರಡು ವರ್ಷವಿದ್ದಾಗ, 2004ರಲ್ಲಿ, ಮೊದಲು ಗಂಟಲು ನೋವು ಬಂದು ಹೋಯಿತು. ಕೆಲವು ವಾರಗಳ ಮೇಲೆ ಒಂದು ಮೊಣಕಾಲು ಬಾತುಕೊಂಡಿತು. ಅದು ಇಳಿಯುವಷ್ಟರಲ್ಲಿ ಮೊಣಕೈ. ಕಲಬುರಗಿಯಲ್ಲಿ ವೈದ್ಯರೊಬ್ಬರು ಎದೆಗೆ ಸ್ಟೆಥಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಗಂಟಲಿನ ಕ್ರಿಮಿಯನ್ನು ಹೊಡೆಯಲು ಎದ್ದ ದೇಹದ ಶಕ್ತಿಯೇ ದಾರಿ ತಪ್ಪಿ ಹೃದಯದ ಕವಾಟವನ್ನು ಹೊಡೆದಿದೆ ಎಂದು ತಿಳಿಸಿ ಹೇಳಿದರು. ರುಮ್ಯಾಟಿಕ್ ಜ್ವರ ಎಂಬ ಹೆಸರನ್ನು ಅಂದು ನಾವು ಮೊದಲು ಕೇಳಿದೆವು. ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಡ್ಯೂರ್ ಸೂಜಿ, ವರ್ಷಗಟ್ಟಲೆ ತಪ್ಪಿಸಬಾರದು, ಎಂದರು. ಈ ಸೂಜಿ ಮತ್ತೆ ರುಮ್ಯಾಟಿಕ್ ಜ್ವರ ಬಂದು ಕವಾಟ ಇನ್ನಷ್ಟು ಕೆಡದಂತೆ ತಡೆಯುತ್ತದೆ. ನಾನು ಮೊದಲು ಹೇಳಿದ ಕವಾಟದ ಸೋಂಕನ್ನು ತಡೆಯುವುದು ಅದರ ಕೆಲಸವಲ್ಲ. ಎರಡಕ್ಕೂ ಇರುವ ನಂಟು ಬೇರೆ: ರುಮ್ಯಾಟಿಕ್ ಜ್ವರ ಒರಟು ಮಾಡಿಟ್ಟ ಕವಾಟದಲ್ಲಿ ಮುಂದೊಂದು ದಿನ ಸೋಂಕು ಮನೆ ಮಾಡುತ್ತದೆ.

ಆ ಸೂಜಿಯ ನೋವು ಉಂಡವರಿಗೇ ಗೊತ್ತು. ಎರಡು ದಿನ ಹುಡುಗಿ ಕುಂಟುತ್ತಿದ್ದಳು. ಕೆಲವು ಕಡೆ ಅದನ್ನು ಕೊಡಲು ವೈದ್ಯರೇ ಅಂಜುತ್ತಿದ್ದರು. ಪೆನಿಸಿಲಿನ್ ಒಗ್ಗದೆ ಏನಾದರೂ ಆದೀತೆಂಬ ಹೆದರಿಕೆ. ಆದರೂ ಐದಾರು ವರ್ಷ ನಡೆಯಿತು. 2010ರಲ್ಲಿ ಲಗ್ನದ ಮಾತು ಶುರುವಾದವು. ತಂಗಿ ಆಳಂದಕ್ಕೆ ಬಂದು ಕುಳಿತಳು. “ಅಣ್ಣಾ, ಮೂರು ವಾರಕ್ಕೊಮ್ಮಿ ಹುಡುಗಿನ್ನ ದವಾಖಾನಿಗಿ ಒಯ್ದರ ಮಂದಿ ಏನಂತಾರ? ನೀನೇ ಹೇಳು” ಎಂದಳು. ನಾನು ಹೇಳಿದೆ: “ಲಗ್ನ ಆಗೋತನಕ ಬಿಡು, ಆಮ್ಯಾಲ ನೋಡೋಣು.” ಮನೆಯಲ್ಲಿ ಓದಿದವನು ನಾನೊಬ್ಬನೇ. ನನ್ನ ಮಾತೇ ಅವಳಿಗೆ ಪ್ರಮಾಣವಾಯಿತು. ಸೂಜಿ ನಿಂತಿತು, ತಪಾಸಣೆ ನಿಂತಿತು, ಕಲಬುರಗಿಯ ವೈದ್ಯರು ಬರೆದುಕೊಟ್ಟ ಕಾಗದ ಟ್ರಂಕಿನ ತಳಕ್ಕೆ ಹೋಯಿತು.

ಮರುವರ್ಷ ದೀಪಾವಳಿಯ ಮುಂಚೆ ಹುಡುಗಿಗೆ ಸಂಜೆಯ ಹೊತ್ತು ಜ್ವರ ಬರತೊಡಗಿತು. ಮೊದಲು ಊರಿನಲ್ಲಿಯೇ ಒಬ್ಬರು ಸೂಜಿ ಮಾಡಿ ಸಲಾಯಿನ್ ಹಚ್ಚಿದರು. ಜ್ವರ ಇಳಿಯಿತು, ಔಷಧಿ ಬಿಟ್ಟ ಮೇಲೆ ಮತ್ತೆ ಏರಿತು. ಎರಡನೆಯವರು ವಿಡಾಲ್ ಪರೀಕ್ಷೆ ಮಾಡಿಸಿ ಟೈಫಾಯಿಡ್ ಎಂದು ಬೇರೆ ಗುಳಿಗೆ ಕೊಟ್ಟರು. ಮೂರನೆಯವರು ಮತ್ತೊಂದು. ಇವರಲ್ಲಿ ಯಾರೂ ಹುಡುಗಿಯ ಕವಾಟದ ವಿಚಾರ ಕೇಳಲಿಲ್ಲವೆಂದು ನಾನು ಬಹಳ ಕಾಲ ಕೋಪಗೊಂಡಿದ್ದೆ. ನಿಜವೇನೆಂದರೆ, ಕೇಳಿದ್ದರೂ ನಮ್ಮವರು ಹೇಳುತ್ತಿರಲಿಲ್ಲ. ಲಗ್ನದ ಹುಡುಗಿ, ಊರಿನ ದವಾಖಾನೆಯಲ್ಲಿ ಆಡಿದ ಮಾತು ಬೀಗರ ಊರಿಗೆ ಮುಟ್ಟಲು ಎಷ್ಟು ಹೊತ್ತು? ಹೀಗೆ ಆರು ವಾರ ಕಳೆದವು. ನಾನು ಹೋಗಿ ನೋಡುವಾಗ ಹುಡುಗಿ ಹಂಚಿಕಡ್ಡಿಯಾಗಿದ್ದಳು. ಕೈಬೆರಳ ತುದಿಯಲ್ಲಿ ಕೆಂಪಗೆ ಸಣ್ಣ ಗಂಟುಗಳೆದ್ದಿದ್ದವು, ಮುಟ್ಟಿದರೆ ಚೀರುತ್ತಿದ್ದಳು. ಅವುಗಳಿಗೆ ಆಸ್ಲರನ ಹೆಸರೇ ಇದೆಯೆಂದು ಆಮೇಲೆ ತಿಳಿದುಕೊಂಡೆ.

ಅಫಜಲಪುರದ ಸೀಮೆಯವರಿಗೆ ಕಷ್ಟಕಾಲದಲ್ಲಿ ಅಕ್ಕಲಕೋಟೆಯ ರಸ್ತೆ ಹಿಡಿದು ಸೊಲ್ಲಾಪುರಕ್ಕೆ ಹೋಗುವುದು ರೂಢಿ. ನಾವೂ ಹೋದೆವು. ಅಲ್ಲಿದ್ದವರು ಮೂವತ್ತೈದು ದಾಟದ ಒಬ್ಬ ವೈದ್ಯರು. ಮನೆಮಾತು ಮರಾಠಿಯಾದರೂ ನಮ್ಮ ಕನ್ನಡವನ್ನು ಚೆನ್ನಾಗಿ ಆಡುತ್ತಿದ್ದರು. ಬೆರಳುಗಳನ್ನು ನೋಡಿದರು, ಎದೆ ಕೇಳಿದರು, “ಸಣ್ಣಾಕಿ ಇದ್ದಾಗ ಕೀಲು ಬಾತಿದ್ದವೇನ್ರಿ?” ಎಂದರು. ತಂಗಿ ನನ್ನ ಮುಖ ನೋಡಿದಳು. ಎಲ್ಲವನ್ನೂ ಹೇಳಿದೆ, ಸೂಜಿ ನಿಲ್ಲಿಸೆಂದವನು ನಾನೆಂಬುದನ್ನೂ ಸೇರಿಸಿ. ಅವರು ಅದರ ಬಗ್ಗೆ ಏನೂ ಅನ್ನಲಿಲ್ಲ. ಇಷ್ಟು ದಿನ ನುಂಗಿಸಿದ ಗುಳಿಗೆಗಳ ಹಾಳೆಗಳಿದ್ದರೆ ತೋರಿಸಿ ಎಂದರು. ಕೈಚೀಲವನ್ನು ಮೇಜಿನ ಮೇಲೆ ಸುರಿದೆವು. ನಾಲ್ಕು ಬಗೆಯ ಆಂಟಿಬಯಾಟಿಕ್ ಎಣಿಸಿ, “ಸರ್, ಇನ್ನು ರಕ್ತದಾಗ ಕ್ರಿಮಿ ಸಿಗೂದು ಕಠಿಣ ಅದ” ಎಂದರು.

ಅರ್ಧಂಬರ್ಧ ಔಷಧಿ ಕ್ರಿಮಿಯನ್ನು ಕೊಲ್ಲುವುದಿಲ್ಲ, ಅಡಗಿಸುತ್ತದೆ. ಸೀಸೆಯಲ್ಲಿ ಅದು ಬೆಳೆಯದಿದ್ದರೆ ಯಾವ ಔಷಧಿಗೆ ಬಗ್ಗುತ್ತದೆಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಹುಡುಗಿಯ ಹೃದಯ ಇನ್ನೂ ಸೋತಿರಲಿಲ್ಲವಾದ್ದರಿಂದ ಅವರು ಮೂರು ದಿನ ಎಲ್ಲ ಔಷಧಿಯನ್ನೂ ನಿಲ್ಲಿಸಿದರು. ಆಸ್ಪತ್ರೆಗೆ ತಂದು ಮಲಗಿಸಿ ಔಷಧಿ ಕೊಡದಿರುವುದೆಂದರೇನು! ತಂಗಿ ಅತ್ತು ರಂಪ ಮಾಡಿದಳು. ವೈದ್ಯರು ದಿನಕ್ಕೆ ಎರಡು ಸಲ ಬಂದು ಎದೆ ಕೇಳಿ ಹೋಗುತ್ತಿದ್ದರು. ಮೂರು ಸಲ ರಕ್ತ ತೆಗೆದರು. ಮೂರು ಸೀಸೆಗಳಲ್ಲಿಯೂ ಏನೂ ಬೆಳೆಯಲಿಲ್ಲ. ಎಕೋದಲ್ಲಿ ಮಾತ್ರ ಮೈಟ್ರಲ್ ಕವಾಟದ ಅಂಚಿಗೆ ಅಂಟಿಕೊಂಡು ಗೂಡು ಅಲುಗಾಡುತ್ತಿತ್ತು. ಪರದೆಯ ಮೇಲೆ ನನಗೂ ತೋರಿಸಿದರು. ನೀರಿನ ಸೆಳವಿಗೆ ಸಿಕ್ಕ ಜೊಂಡಿನ ತುಂಡಿನಂತಿತ್ತು.

ಗ್ರಂಥ ಹೇಳಿದಂತೆ ಎರಡು ಔಷಧಿಗಳು ಶುರುವಾದವು, ಸೆಫ್ಟ್ರಿಯಾಕ್ಸೋನ್ ಮತ್ತು ಜೆಂಟಾಮೈಸಿನ್. ಹಸ್ತಪ್ರತಿಗಳ ಪಾಠಾಂತರ ನೋಡಿ ಅಭ್ಯಾಸವಿದ್ದ ನಾನು ಬೇರೆ ಕೆಲಸವಿಲ್ಲದೆ ಕೇಸ್ ಪೇಪರನ್ನು ದಿನವೂ ಓದುತ್ತಿದ್ದೆ. ಎರಡನೆಯ ವಾರ ಜೆಂಟಾಮೈಸಿನ್ ಎಂಬುದರ ಮೇಲೆ ಗೆರೆ ಎಳೆದಿತ್ತು. ಪಕ್ಕದಲ್ಲಿ ಮೂತ್ರಪಿಂಡದ ಪರೀಕ್ಷೆಯ ಅಂಕಿ, ‘ಏರುತ್ತಿರುವುದರಿಂದ ನಿಲ್ಲಿಸಿದೆ’ ಎಂಬ ಅರ್ಥದ ಒಂದು ಸಾಲು, ತಾರೀಖು, ರುಜು. ಊರಿನಲ್ಲಿ ಔಷಧಿಗಳನ್ನು ನಿಲ್ಲಿಸಿದವರೂ ಇದ್ದರು. ಅವರ ಚೀಟಿಗಳಲ್ಲಿ ಏಕೆ ಕೊಟ್ಟೆವೆಂದೂ ಇರಲಿಲ್ಲ, ಏಕೆ ನಿಲ್ಲಿಸಿದೆವೆಂದೂ ಇರಲಿಲ್ಲ. ನಾನು ತರಗತಿಯಲ್ಲಿ ಹೇಳುತ್ತಿದ್ದ ಎರಡು ಬಗೆಯ ಮೀರುವಿಕೆಯ ವ್ಯತ್ಯಾಸ ಆ ಒಂದು ಗೆರೆಯಲ್ಲಿತ್ತು.

ಆರನೆಯ ದಿನ ಜ್ವರ ಬಿಟ್ಟಿತು. ಹನ್ನೆರಡನೆಯ ದಿನ ಭಾವನವರು ಗಂಟು ಕಟ್ಟಿದರು. ತೊಗರಿ ಕೊಯ್ಲಿಗೆ ಬಂದಿದೆ, ಆಳು ಸಿಗುವುದಿಲ್ಲ, ಕೈಯಲ್ಲಿದ್ದ ರೊಕ್ಕ ತೀರಿದೆ, ಹುಡುಗಿಗೆ ಜ್ವರವಂತೂ ಇಲ್ಲ. ಇದರಲ್ಲಿ ಯಾವುದು ಸುಳ್ಳು? ಕವಾಟ, ಗೂಡು, ರಕ್ತನಾಳ ಎಂದು ನಾನು ಹೇಳಿದ್ದೆಲ್ಲ ವ್ಯರ್ಥವಾಯಿತು. ವೈದ್ಯರು ಒಂದೇ ಮಾತು ಕೇಳಿದರು: “ಗೌಡ್ರೇ, ಹೊಲದಾಗಿನ ಕರಿಕಿ ಮ್ಯಾಲ ಮ್ಯಾಲ ಕೊಯ್ದರ ಹೋಗ್ತದೇನ್ರಿ?” ಭಾವನವರು ಗಂಟು ಬಿಚ್ಚಿದರು. ತೊಗರಿಯನ್ನು ಅವರ ತಮ್ಮಂದಿರು ಕೊಯ್ದರು. ಆರು ವಾರ ಪೂರ್ತಿಯಾಯಿತು. ಅಂದು ಗಂಟು ಹೊತ್ತು ಹೊರಟೇ ಬಿಟ್ಟಿದ್ದರೆ, ಮಾರ್ಗಸೂಚಿಯ ಪಾಲನೆಯನ್ನು ಎಣಿಸುವವರ ಲೆಕ್ಕದಲ್ಲಿ ‘ಪೂರ್ಣ ಚಿಕಿತ್ಸೆ ಕೊಡಲಿಲ್ಲ’ ಎಂಬ ಗೆರೆ ಆ ವೈದ್ಯರ ಹೆಸರಿನ ಮುಂದೆಯೇ ಬೀಳುತ್ತಿತ್ತು.

ಇದು ನಮ್ಮ ಒಂದು ಮನೆಯ ಕಥೆಯಷ್ಟೇ ಆಗಿದ್ದರೆ ಬಾನುಲಿಯಲ್ಲಿ ಹೇಳುವ ಅಗತ್ಯವಿರಲಿಲ್ಲ. ಚಂಡೀಗಢದ ವೈದ್ಯರು 1981ರಿಂದ 1991ರವರೆಗಿನ ತಮ್ಮ ರೋಗಿಗಳನ್ನು ಕುರಿತು 1992ರಲ್ಲಿ ಬರೆದ ಪ್ರಬಂಧವೊಂದಿದೆ. ಆ ರೋಗಿಗಳ ಸರಾಸರಿ ವಯಸ್ಸು ಇಪ್ಪತ್ತೈದು. ಹಿಂದಿನ ಕಾರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚಿನದು ರುಮ್ಯಾಟಿಕ್ ಹೃದ್ರೋಗ. ರಕ್ತದಲ್ಲಿ ಕ್ರಿಮಿ ಬೆಳೆದದ್ದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಸೊಲ್ಲಾಪುರದ ಆ ಮೂರು ಬರಿದಾದ ಸೀಸೆಗಳು ಒಂಟಿಯಲ್ಲವೆಂದು ಅದನ್ನು ಓದಿದಾಗ ತಿಳಿಯಿತು. ಪಾಶ್ಚಾತ್ಯ ದೇಶಗಳಲ್ಲಿ ಇಂದು ಈ ರೋಗ ಬಹುಮಟ್ಟಿಗೆ ವಯಸ್ಸಾದವರದು. ಮುಪ್ಪಿನಿಂದ ಸವೆದ ಕವಾಟ, ಕೃತಕ ಕವಾಟ, ಪೇಸ್‌ಮೇಕರ್ ಇದ್ದವರದು. ಅವರಿಗಾಗಿ ಬರೆದ ಗ್ರಂಥದ ಮೊದಲ ವಾಕ್ಯ ‘ಔಷಧಿಗೆ ಮೊದಲು ರಕ್ತ’ ಎಂದಾದರೆ, ನಮ್ಮ ರೋಗಿ ದೊಡ್ಡ ಆಸ್ಪತ್ರೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಆ ವಾಕ್ಯ ಅಳಿಸಿಹೋಗಿರುತ್ತದೆ. ಚೀಟಿಯಿಲ್ಲದೆ ಅಂಗಡಿಯಲ್ಲಿ ಆಂಟಿಬಯಾಟಿಕ್ ಮಾರುವುದಕ್ಕೆ ಕಡಿವಾಣ ಹಾಕಲು ಕೇಂದ್ರ ಸರಕಾರ ತಂದ ಎಚ್-1 ಪಟ್ಟಿಯ ನಿಯಮ 2014ರಿಂದ ಜಾರಿಯಲ್ಲಿದೆ. ನಮ್ಮ ಬಸ್‌ಸ್ಟ್ಯಾಂಡುಗಳ ಎದುರಿನ ಅಂಗಡಿಗಳಲ್ಲಿ ಅದು ಎಷ್ಟು ಜಾರಿಯಲ್ಲಿದೆಯೆಂಬುದನ್ನು ಕೇಳುಗರ ಅನುಭವಕ್ಕೇ ಬಿಡುತ್ತೇನೆ.

ಹಾಗೆಂದು ಮಾರ್ಗಸೂಚಿ ಪರದೇಶದ್ದು, ನಮಗೇಕೆ, ಎನ್ನುವವರ ಪಕ್ಷ ನನ್ನದಲ್ಲ. ಫ್ರಾನ್ಸಿನ ಮಾರ್ಸೇಲ್ಸ್ ನಗರದ ಆಸ್ಪತ್ರೆಯೊಂದರಲ್ಲಿ, ಔಷಧಿಯ ಆಯ್ಕೆ, ಅವಧಿ, ಶಸ್ತ್ರಕ್ರಿಯೆಯ ಕಾಲ, ಇವೆಲ್ಲವನ್ನೂ ಒಂದೇ ಕ್ರಮಕ್ಕೆ ತಂದು ಎಲ್ಲ ವೈದ್ಯರೂ ಅದನ್ನೇ ಅನುಸರಿಸುವಂತೆ ಮಾಡಿದರು. ಅದಕ್ಕೆ ಮೊದಲು ವರ್ಷದೊಳಗೆ ಸಾಯುತ್ತಿದ್ದವರು ನೂರಕ್ಕೆ 18.5, ಆಮೇಲೆ 8.2. ಈ ಅಂಕಿಗಳು 2009ರಲ್ಲಿ ಪ್ರಕಟವಾದವು. ಹೊಸ ಔಷಧಿ ಯಾವುದನ್ನೂ ಅವರು ಕಂಡುಹಿಡಿದಿರಲಿಲ್ಲ. ಗೊತ್ತಿದ್ದುದನ್ನು ತಪ್ಪದೆ ಮಾಡಿದರು, ಅಷ್ಟೆ.

ಗ್ರಂಥವೂ ನಿಂತ ನೀರಲ್ಲ. ಹಲ್ಲು ಕೀಳುವ ಮುನ್ನ ಕವಾಟ ಕೆಟ್ಟವರಿಗೆಲ್ಲ ಆಂಟಿಬಯಾಟಿಕ್ ಕೊಡಬೇಕೆಂಬುದು ಬಹುಕಾಲದ ಪದ್ಧತಿ. 2007ರಲ್ಲಿ ಅಮೆರಿಕದವರು ಅದನ್ನು ಕೃತಕ ಕವಾಟವಿದ್ದವರು, ಹಿಂದೊಮ್ಮೆ ಈ ಸೋಂಕು ತಗಲಿದವರು ಮುಂತಾದ ಕೆಲವರಿಗಷ್ಟೇ ಸೀಮಿತಗೊಳಿಸಿದರು. 2008ರಲ್ಲಿ ಇಂಗ್ಲೆಂಡಿನ ನೈಸ್ ಸಂಸ್ಥೆ ಯಾರಿಗೂ ಬೇಡವೆಂದಿತು. ಎಂಟು ವರ್ಷಗಳ ಮೇಲೆ, 2016ರಲ್ಲಿ, ಅದೇ ವಾಕ್ಯದಲ್ಲಿ ‘ವಾಡಿಕೆಯಾಗಿ’ ಎಂಬರ್ಥದ ಒಂದು ಶಬ್ದವನ್ನು ಸೇರಿಸಿತು: ವಾಡಿಕೆಯಾಗಿ ಕೊಡಬೇಕಾಗಿಲ್ಲ. ಒಂದು ಕ್ರಿಯಾವಿಶೇಷಣದಿಂದ ವೈದ್ಯನ ವಿವೇಚನೆಗೆ ಬಾಗಿಲು ತೆರೆಯಿತು! ವ್ಯಾಕರಣದ ಮೇಷ್ಟರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇಕೆ? ಅಮೆರಿಕದ ಪಟ್ಟಿಯಲ್ಲಿ ಬರಿಯ ರುಮ್ಯಾಟಿಕ್ ಕವಾಟಕ್ಕೆ ಸ್ಥಳವಿಲ್ಲ. ಆ ರೋಗ ಹೆಚ್ಚಾಗಿರುವ ತಮ್ಮ ಮೂಲನಿವಾಸಿಗಳನ್ನು ನೆನೆದು ಆಸ್ಟ್ರೇಲಿಯದವರು ಅದಕ್ಕೆ ಸ್ಥಳ ಕೊಟ್ಟರು. ದಕ್ಷಿಣ ಮಾರ್ಗ, ಉತ್ತರ ಮಾರ್ಗ ಎಂಬ ಭೇದ ಇಲ್ಲಿಯೂ ಇದೆಯೆಂದಾಯಿತು. ಇನ್ನು ಆರು ವಾರ ಆಸ್ಪತ್ರೆಯಲ್ಲಿಯೇ ಇರಬೇಕೆಂಬುದೂ ಸಡಿಲವಾಗಿದೆ. ಡೆನ್ಮಾರ್ಕಿನಲ್ಲಿ 400 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಿಂದ, ಸ್ಥಿತಿ ಸುಧಾರಿಸಿದವರಿಗೆ ಉಳಿದ ಅವಧಿಯ ಔಷಧಿಯನ್ನು ಗುಳಿಗೆಯ ರೂಪದಲ್ಲಿ ಕೊಡಬಹುದೆಂದು ಕಂಡುಬಂತು. ಭಾವನವರ ಕಾಲದಲ್ಲಿ ಇದು ಇದ್ದಿದ್ದರೆ ತೊಗರಿಯ ಜಗಳವೇ ಇರುತ್ತಿರಲಿಲ್ಲವೇನೋ. ಆದರೆ ಅಂಥ ರೋಗಿ ಮನೆಯಲ್ಲಿ ಒಂದು ಹೊತ್ತನ್ನೂ ತಪ್ಪಿಸದೆ ನುಂಗಬೇಕು, ಮೇಲಿಂದ ಮೇಲೆ ಬಂದು ತೋರಿಸಿಕೊಳ್ಳಬೇಕು. ಇಪ್ಪತ್ತೊಂದು ದಿನಕ್ಕೊಂದು ಸೂಜಿಯನ್ನೇ ಮಂದಿಗೆ ಹೆದರಿ ಬಿಡಿಸಿದವನು ನಾನು. ಈ ಮಾತನ್ನು ಹಗುರವಾಗಿ ಆಡಲಾರೆ.

ಸೋಸೆ ಉಳಿದಳು, ಕವಾಟ ಉಳಿಯಲಿಲ್ಲ. ಸೋರಿಕೆ ಹೆಚ್ಚಿ 2013ರಲ್ಲಿ ಹೈದರಾಬಾದಿನಲ್ಲಿ ಕೃತಕ ಕವಾಟ ಹಾಕಿಸಬೇಕಾಯಿತು. ಲಗ್ನ ಬೇಡವೆಂದು ಅವಳೇ ಹೇಳಿದಳು. ಈ ಸಲ ಯಾರೂ ನನ್ನನ್ನು ಕೇಳಲಿಲ್ಲ. ಈಗ ಜೇವರ್ಗಿ ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಯಾವ ಮಗುವಾದರೂ ಗಂಟಲು ನೋವೆಂದರೆ ತಾಯಿತಂದೆಯರನ್ನು ಕರೆಸಿ ದವಾಖಾನೆಗೆ ಕಳಿಸದೆ ಬಿಡುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ದಿನವೂ ಒಂದು ಗುಳಿಗೆ, ಆಗಾಗ್ಗೆ ರಕ್ತಪರೀಕ್ಷೆ. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ 2016ರಲ್ಲಿ ಕಲಬುರಗಿಗೆ ಬಂತು. 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಸ್ವಂತ ಕಟ್ಟಡವಾಯಿತು. ಸಂವಿಧಾನದ 371ನೆಯ ವಿಧಿಯ ನೆನಪಿಗೆ ಆ ಸಂಖ್ಯೆಯಂತೆ. ಸೊಲ್ಲಾಪುರದ ರಸ್ತೆ ಹಿಡಿಯುವ ಕಾರಣಗಳಲ್ಲಿ ಒಂದು ಕಡಿಮೆಯಾಯಿತು.

ಕಳೆದ ಬೇಸಿಗೆ ರಜೆಯಲ್ಲಿ ಅವಳು ಆಳಂದಕ್ಕೆ ಬಂದಾಗ ಹಲ್ಲುನೋವು ಕಾಣಿಸಿಕೊಂಡಿತು. ದಂತವೈದ್ಯರ ಬಳಿ ನಾನೇ ಕರೆದೊಯ್ದೆ. ಹುಡುಗ ವೈದ್ಯ, ವಿನಯವಂತ. ಅವಳು ಕುರ್ಚಿಯಲ್ಲಿ ಕೂಡುವ ಮೊದಲೇ ತನ್ನ ಕವಾಟದ ಕಾರ್ಡನ್ನೂ ಹಿಂದಿನ ವಾರದ ರಕ್ತಪರೀಕ್ಷೆಯ ಕಾಗದವನ್ನೂ ಮೇಜಿನ ಮೇಲಿಟ್ಟಳು. ಅವರು ನೋಡಿ, ಹಲ್ಲು ಕೀಳಬೇಕು, ಮೊದಲು ಐದು ದಿನ ಅಮಾಕ್ಸಿಸಿಲಿನ್ ನುಂಗಿ ಬನ್ನಿ ಎಂದು ಬರೆದರು. ಅವಳು ಚೀಟಿಯನ್ನು ತೆಗೆದುಕೊಳ್ಳಲಿಲ್ಲ. “ಐದು ದಿನ ಬ್ಯಾಡ್ರಿ ಡಾಕ್ಟ್ರೇ. ಎರಡು ಗ್ರಾಂ, ಒಂದೇ ಸಲ, ಹಲ್ಲು ಕೀಳೂಕಿಂತ ಅರ್ಧ ತಾಸಿನಿಂದ ಒಂದು ತಾಸು ಮೊದಲ. ಒಮ್ಮಿ ನೋಡ್ರಿ” ಎಂದಳು. ಅವರು ಒಂದು ಕ್ಷಣ ಅವಳನ್ನೇ ನೋಡಿದರು. ಆಮೇಲೆ ಫೋನು ತೆಗೆದು ಏನನ್ನೋ ಹುಡುಕಿ ಓದಿದರು, ಬರೆದದ್ದರ ಮೇಲೆ ಗೆರೆ ಎಳೆದರು, ಕೆಳಗೆ ಹೊಸದಾಗಿ ಬರೆದು ವೇಳೆಯನ್ನೂ ನಮೂದಿಸಿದರು.

ನಾಲ್ಕು ಕ್ಯಾಪ್ಸೂಲುಗಳನ್ನು ಒಟ್ಟಿಗೆ ನುಂಗಿ ಅವಳು ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಳು. ಮಧ್ಯಾಹ್ನದ ಹೊತ್ತು, ಬೀದಿಯಲ್ಲಿ ಸದ್ದಿರಲಿಲ್ಲ. ಕಿವಿಗೊಟ್ಟರೆ ಅವಳ ಎದೆಯೊಳಗಿನ ಕವಾಟ ಟಿಕ್ ಟಿಕ್ ಎನ್ನುವುದು ಕೇಳಿಸುತ್ತಿತ್ತು. ಗೋಡೆಯ ಗಡಿಯಾರ ನೋಡಿ, “ಇನ್ನ ಮುಕ್ಕಾಲು ತಾಸು ಅದ, ಮಾಮಾ. ನೀ ಬೇಕಂದ್ರ ಮನಿಗಿ ಹೋಗು” ಎಂದಳು. ನಾನು ಅಲ್ಲಿಯೇ ಕುಳಿತೆ.